ಎತ್ತಂಗಡಿಯಾದ ಗೂಢಚಾರರು: 'ಸ್ಲೋ ಹಾರ್ಸಸ್' ಕತೆಯ ಹಿಂದಿರುವ ಇತಿಹಾಸ

ಸರ್ಕಾರಿ ನೌಕರಿಯಲ್ಲಿ ಎತ್ತಂಗಡಿ ಅಂದರೆ ಏನು ಅಂತ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಪ್ಪು ಮಾಡಿದವರನ್ನು ಮನೆಗೆ ಕಳಿಸುವುದು ಕಷ್ಟ, ಕಳಿಸಿದರೆ ಮೇಲಿನವರ ಹೆಸರೂ ಹೊರಗೆ ಬರುತ್ತದೆ ಅನ್ನುವಾಗ, ಯಾರಿಗೂ ಬೇಡವಾದ ಕಚೇರಿಗೆ ತಳ್ಳುತ್ತಾರೆ. ಅಲ್ಲಿ ಕುರ್ಚಿ ಇರುತ್ತದೆ, ಸಂಬಳ ಬರುತ್ತದೆ, ಮಾಡಲು ಕೆಲಸ ಇರುವುದಿಲ್ಲ. ಬೇಸತ್ತು ತಾವೇ ರಾಜೀನಾಮೆ ಕೊಟ್ಟು ಹೋಗಲಿ ಅನ್ನುವುದು ಲೆಕ್ಕಾಚಾರ.

ಗೂಢಚಾರರನ್ನೂ ಹೀಗೇ ಎತ್ತಂಗಡಿ ಮಾಡಿದರೆ? ಈ ಒಂದು ಪ್ರಶ್ನೆಯ ಮೇಲೆ ನಿಂತಿರುವ ಇಂಗ್ಲಿಷ್ ಧಾರಾವಾಹಿ 'ಸ್ಲೋ ಹಾರ್ಸಸ್'. ಆ್ಯಪಲ್ ಟಿವಿಯಲ್ಲಿ 2022ರ ಏಪ್ರಿಲ್‌ನಲ್ಲಿ ಶುರುವಾಯಿತು. ಒಂದೊಂದು ಸೀಸನ್‌ಗೆ ಆರು ಕಂತು. ಇದು ಬ್ರಿಟನ್ನಿನ ಕತೆ, ಪಾತ್ರಗಳೆಲ್ಲ ಕಲ್ಪನೆ. ಆದರೆ ಇದರ ಹಿಂದೆ ಸುಮಾರು ಎಪ್ಪತ್ತು ವರ್ಷದ ನಿಜವಾದ ಇತಿಹಾಸವಿದೆ. ನಾವು ಇವತ್ತು ಹೇಳಹೊರಟಿರುವುದು ಆ ಇತಿಹಾಸವನ್ನೇ.

ಓಡದ ಕುದುರೆಗಳ ಕೊಟ್ಟಿಗೆ

ಬ್ರಿಟನ್ನಿನಲ್ಲಿ ದೇಶದೊಳಗಿನ ಭದ್ರತೆ ನೋಡಿಕೊಳ್ಳುವ ಗುಪ್ತಚರ ಸಂಸ್ಥೆ ಎಂಐ5. ವಿದೇಶದಲ್ಲಿ ಬೇಹುಗಾರಿಕೆ ಮಾಡುವುದು ಎಂಐ6. ನಮ್ಮಲ್ಲಿ ಐಬಿ ಮತ್ತು ರಾ ಇದ್ದ ಹಾಗೆ.

ಕತೆಯಲ್ಲಿ ಎಂಐ5ನಲ್ಲಿ ಎಡವಿದವರನ್ನೆಲ್ಲ ಲಂಡನ್ನಿನ ಒಂದು ಹಳೆಯ, ಕೊಳಕು ಕಟ್ಟಡಕ್ಕೆ ಹಾಕುತ್ತಾರೆ. ಅದಕ್ಕೆ 'ಸ್ಲೌ ಹೌಸ್' ಅಂತ ಅಡ್ಡಹೆಸರು. ಸ್ಲೌ ಅನ್ನುವುದು ಲಂಡನ್ನಿನಿಂದ ಆಚೆ, ಪಶ್ಚಿಮಕ್ಕಿರುವ ಒಂದು ಪಟ್ಟಣ. ಈ ಕಟ್ಟಡ ಲಂಡನ್ ಒಳಗೇ ಇದ್ದರೂ ಮುಖ್ಯ ಕಚೇರಿಯವರ ಪಾಲಿಗೆ ಅಷ್ಟು ದೂರ ಅನ್ನುವ ಗೇಲಿ ಅದು. ಸ್ಲೌ ಹೌಸ್‌ನಲ್ಲಿ ಇರುವವರು 'ಸ್ಲೋ ಹಾರ್ಸ್', ಅಂದರೆ ಓಡದ ಕುದುರೆಗಳು.

ಇವರ ಯಜಮಾನ ಜಾಕ್ಸನ್ ಲ್ಯಾಂಬ್. ತೂತು ಬಿದ್ದ ಕಾಲುಚೀಲ, ಎಣ್ಣೆ ಕಾಣದ ತಲೆ, ಬಾಯಿ ತೆರೆದರೆ ಬೈಗುಳ. ಈ ಪಾತ್ರ ಮಾಡಿದವರು ಗ್ಯಾರಿ ಓಲ್ಡ್‌ಮನ್. ಕೈಕೆಳಗಿನವರಲ್ಲಿ ಒಬ್ಬ ತರಬೇತಿ ಪರೀಕ್ಷೆಯಲ್ಲಿ ಎಡವಟ್ಟು ಮಾಡಿಕೊಂಡವನು, ಒಬ್ಬಾಕೆ ಕುಡಿತ ಬಿಟ್ಟು ಚೇತರಿಸಿಕೊಳ್ಳುತ್ತಿರುವವಳು, ಇನ್ನೊಬ್ಬ ರಹಸ್ಯ ಡಿಸ್ಕ್ ಒಂದನ್ನು ರೈಲಿನಲ್ಲಿ ಬಿಟ್ಟು ಇಳಿದವನು.

ಮೂಲ ಕಾದಂಬರಿ ಬರೆದವರು ಮಿಕ್ ಹೆರಾನ್. ಮೊದಲ ಪುಸ್ತಕ 2010ರಲ್ಲಿ ಬಂದಾಗ ಹೆಚ್ಚು ಮಾರಾಟವಾಗಲಿಲ್ಲ. ಎರಡನೆಯದು 2013ರಲ್ಲಿ ಬ್ರಿಟನ್ನಿನ ಅಪರಾಧ ಕತೆಗಾರರ ಸಂಘದ ದೊಡ್ಡ ಪ್ರಶಸ್ತಿ ಗೆದ್ದಿತು. ಲೇಖಕರನ್ನೂ ಒಂದಷ್ಟು ಕಾಲ ಓಡದ ಕುದುರೆ ಅಂತಲೇ ಮಾರುಕಟ್ಟೆ ತಿಳಿದುಕೊಂಡಿತ್ತು ಅನ್ನಬಹುದು.

ರೈಲಿನಲ್ಲಿ ಮರೆತ ಕಡತ

ಗೂಢಚಾರ ಡಿಸ್ಕನ್ನು ರೈಲಿನಲ್ಲಿ ಮರೆಯುವುದು ಸಿನಿಮಾದವರ ಕಟ್ಟುಕತೆ ಅನ್ನಿಸಬಹುದು. ಆದರೆ ಇಂಥದ್ದು ನಿಜವಾಗಿ ನಡೆದಿದೆ.

2000ದ ಮಾರ್ಚ್‌ನಲ್ಲಿ ಎಂಐ5ನ ಅಧಿಕಾರಿಯೊಬ್ಬರ ಲ್ಯಾಪ್‌ಟಾಪ್ ಲಂಡನ್ನಿನ ಪ್ಯಾಡಿಂಗ್ಟನ್ ರೈಲು ನಿಲ್ದಾಣದಲ್ಲಿ ಕಳುವಾಯಿತು. ಅದೇ ತಿಂಗಳು ಎಂಐ6ನ ಇನ್ನೊಬ್ಬರು ಬಾರ್‌ನಲ್ಲಿ ಕುಡಿದು ಮನೆಗೆ ಹೋಗುವಾಗ ತಮ್ಮ ಲ್ಯಾಪ್‌ಟಾಪ್ ಕಳೆದುಕೊಂಡರು. 2008ರ ಜೂನ್‌ನಲ್ಲಿ ಬ್ರಿಟನ್ನಿನ ಸಂಪುಟ ಕಚೇರಿಯ ಅಧಿಕಾರಿಯೊಬ್ಬರು ಅಲ್ ಖೈದಾ ಮತ್ತು ಇರಾಕ್‌ಗೆ ಸಂಬಂಧಿಸಿದ ರಹಸ್ಯ ಕಡತವನ್ನು ರೈಲಿನ ಸೀಟಿನ ಮೇಲೆ ಬಿಟ್ಟು ಇಳಿದರು. ಸಿಕ್ಕ ಪ್ರಯಾಣಿಕರು ಅದನ್ನು ಬಿಬಿಸಿಗೆ ತಲುಪಿಸಿದರು. ಅಧಿಕಾರಿ ಕೋರ್ಟಿನಲ್ಲಿ ದಂಡ ಕಟ್ಟಿದರು.

ಇವೆಲ್ಲ ಮರೆವಿನ ತಪ್ಪುಗಳು. ಇಂಥ ತಪ್ಪಿಗೆ ಶಿಕ್ಷೆ ಬೇಗ ಆಗುತ್ತದೆ, ಏಕೆಂದರೆ ಅದು ಎಲ್ಲರ ಕಣ್ಣಿಗೂ ಬಿದ್ದಿರುತ್ತದೆ. ದೊಡ್ಡ ತಪ್ಪಿನ ಕತೆಯೇ ಬೇರೆ.

ಅಂಬಾಲಾದಲ್ಲಿ ಹುಟ್ಟಿದ ಫಿಲ್ಬಿ

ಬ್ರಿಟಿಷ್ ಗುಪ್ತಚರ ಇತಿಹಾಸದಲ್ಲಿ ಅತಿ ಹೆಚ್ಚು ಕಳಂಕ ಹೊತ್ತ ಹೆಸರು ಕಿಮ್ ಫಿಲ್ಬಿ. ಹುಟ್ಟಿದ್ದು ನಮ್ಮ ದೇಶದ ಅಂಬಾಲಾದಲ್ಲಿ, 1912ರ ಜನವರಿ 1ರಂದು. ತಂದೆ ಬ್ರಿಟಿಷ್ ಸರ್ಕಾರದ ಅಧಿಕಾರಿ. 'ಕಿಮ್' ಅನ್ನುವ ಅಡ್ಡಹೆಸರು ಬಂದಿದ್ದೂ ಕಿಪ್ಲಿಂಗ್‌ನ ಭಾರತದ ಕಾದಂಬರಿಯಿಂದ.

ಕೇಂಬ್ರಿಡ್ಜ್‌ನಲ್ಲಿ ಓದಿದ ಫಿಲ್ಬಿಯನ್ನು 1934ರಲ್ಲಿ ಸೋವಿಯತ್ ರಷ್ಯಾದ ಬೇಹುಗಾರಿಕೆಯವರು ಸೇರಿಸಿಕೊಂಡರು. ಆ ಭೇಟಿ ನಡೆದದ್ದು ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನ ಒಂದು ಬೆಂಚಿನ ಮೇಲೆ. ಹೆರಾನ್ ತಮ್ಮ ಕತೆಯಲ್ಲಿ ಎಂಐ5ನ ಮುಖ್ಯ ಕಚೇರಿಯನ್ನು ಇಟ್ಟಿರುವುದೂ ರೀಜೆಂಟ್ಸ್ ಪಾರ್ಕ್‌ನಲ್ಲೇ.

1940ರಲ್ಲಿ ಫಿಲ್ಬಿ ಎಂಐ6 ಸೇರಿದ. 1944ರ ಹೊತ್ತಿಗೆ ಸೋವಿಯತ್ ಗೂಢಚಾರರನ್ನು ಹಿಡಿಯುವ ವಿಭಾಗಕ್ಕೇ ಮುಖ್ಯಸ್ಥನಾದ. ಕಳ್ಳನ ಕೈಗೇ ಬೀಗದ ಕೈ ಸಿಕ್ಕಿತು.

ಇದರ ಪರಿಣಾಮ ಏನಾಯಿತು ಅನ್ನಲು ಒಂದು ಘಟನೆ ಸಾಕು. 1945ರಲ್ಲಿ ಇಸ್ತಾಂಬುಲ್‌ನಲ್ಲಿದ್ದ ಸೋವಿಯತ್ ಅಧಿಕಾರಿ ಕಾನ್‌ಸ್ಟಾಂಟಿನ್ ವೋಲ್ಕೊವ್ ಬ್ರಿಟಿಷರನ್ನು ಗುಟ್ಟಾಗಿ ಸಂಪರ್ಕಿಸಿದ. ನನಗೆ ಆಶ್ರಯ ಕೊಡಿ, ನಿಮ್ಮೊಳಗೆ ಇರುವ ಸೋವಿಯತ್ ಗೂಢಚಾರರ ವಿವರ ಕೊಡುತ್ತೇನೆ ಅಂದ. ಆ ಕಡತ ಲಂಡನ್ನಿಗೆ ಬಂದು ಸೇರಿದ್ದು ಫಿಲ್ಬಿಯ ಮೇಜಿಗೆ. ಆತ ಮಾಸ್ಕೋಗೆ ಸುದ್ದಿ ಮುಟ್ಟಿಸಿದ, ಇಸ್ತಾಂಬುಲ್‌ಗೆ ಹೊರಡುವುದನ್ನು ಬೇಕೆಂದೇ ತಡಮಾಡಿದ. ಅಷ್ಟರಲ್ಲಿ ವೋಲ್ಕೊವ್‌ನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ವಿಮಾನದಲ್ಲಿ ಮಾಸ್ಕೋಗೆ ಸಾಗಿಸಿದ್ದರು. ಆತ ಮತ್ತೆ ಜೀವಂತ ಕಾಣಲಿಲ್ಲ.

ಅನುಮಾನ ಬಂದ ಮೇಲೂ ಹನ್ನೆರಡು ವರ್ಷ

1951ರ ಮೇ 25ರಂದು ಡೊನಾಲ್ಡ್ ಮೆಕ್ಲೀನ್ ಮತ್ತು ಗೈ ಬರ್ಗೆಸ್ ಅನ್ನುವ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಸೋವಿಯತ್ ಕಡೆಗೆ ಪರಾರಿಯಾದರು. ಮೆಕ್ಲೀನ್ ಸಿಕ್ಕಿಬೀಳುವುದರಲ್ಲಿದ್ದ, ಯಾರೋ ಮುನ್ಸೂಚನೆ ಕೊಟ್ಟಿದ್ದರು. ಬರ್ಗೆಸ್ ವಾಷಿಂಗ್ಟನ್‌ನಲ್ಲಿ ಇದ್ದದ್ದು ಫಿಲ್ಬಿಯ ಮನೆಯಲ್ಲೇ. ಅನುಮಾನ ನೇರವಾಗಿ ಫಿಲ್ಬಿಯ ಮೇಲೆ ಬಂತು.

ಆಗ ಎಂಐ6 ಮಾಡಿದ್ದೇನು? ರಾಜೀನಾಮೆ ಪಡೆದು, 4,000 ಪೌಂಡ್ ಪರಿಹಾರ ಕೊಟ್ಟು ಕಳಿಸಿತು. ಎಂಐ5ನವರು ಇವನೇ ಕಳ್ಳ ಅನ್ನುತ್ತಿದ್ದರು. ಎಂಐ6ನ ಗೆಳೆಯರು, ನಮ್ಮವನು, ಒಳ್ಳೆಯ ಮನೆತನದವನು, ಇದೆಲ್ಲ ಸುಳ್ಳು ಆರೋಪ ಅಂತ ಬೆನ್ನಿಗೆ ನಿಂತರು.

1955ರ ಅಕ್ಟೋಬರ್‌ನಲ್ಲಿ ಸಂಸದ ಮಾರ್ಕಸ್ ಲಿಪ್ಟನ್ ಸಂಸತ್ತಿನಲ್ಲಿ ಫಿಲ್ಬಿಯ ಹೆಸರು ಹೇಳಿಯೇ ಪ್ರಶ್ನೆ ಎತ್ತಿದರು. ನವೆಂಬರ್ 7ರಂದು ವಿದೇಶಾಂಗ ಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್ ಉತ್ತರಿಸಿ, ಫಿಲ್ಬಿ ದೇಶಕ್ಕೆ ದ್ರೋಹ ಮಾಡಿದ ಅನ್ನಲು ಕಾರಣವಿಲ್ಲ ಎಂದರು. ಮರುದಿನ ಫಿಲ್ಬಿ ತಾಯಿಯ ಮನೆಗೆ ಪತ್ರಕರ್ತರನ್ನು ಕರೆದು, ಕ್ಯಾಮೆರಾ ಮುಂದೆ ನಗುನಗುತ್ತಾ ಕೂತು ಎಲ್ಲವನ್ನೂ ನಿರಾಕರಿಸಿದ. ನಿಜ ಹೇಳಿದ ಲಿಪ್ಟನ್ ತಮ್ಮ ಮಾತು ವಾಪಸ್ ಪಡೆಯಬೇಕಾಯಿತು.

1956ರಲ್ಲಿ ಫಿಲ್ಬಿಗೆ ಹೊಸ ಕೆಲಸ ಸಿಕ್ಕಿತು. ಲೆಬನಾನ್‌ನ ಬೈರುತ್‌ನಿಂದ 'ದಿ ಅಬ್ಸರ್ವರ್' ಮತ್ತು 'ದಿ ಎಕನಾಮಿಸ್ಟ್' ಪತ್ರಿಕೆಗಳಿಗೆ ವರದಿಗಾರ. ಒಳಗೊಳಗೆ ಎಂಐ6 ಕೂಡ ಅವನನ್ನು ಮತ್ತೆ ಬಳಸತೊಡಗಿತು. 1963ರ ಜನವರಿಯಲ್ಲಿ ಹೊಸ ಸಾಕ್ಷ್ಯ ಸಿಕ್ಕಿ, ಹಳೆಯ ಗೆಳೆಯ ನಿಕೋಲಸ್ ಎಲಿಯಟ್ ಬೈರುತ್‌ಗೆ ಹೋಗಿ ಎದುರಿಗೆ ಕೂರಿಸಿ ಕೇಳಿದ. ಫಿಲ್ಬಿ ಅರ್ಧಂಬರ್ಧ ಒಪ್ಪಿಕೊಂಡ. ಕೆಲವೇ ದಿನದಲ್ಲಿ, ಜನವರಿ 23ರ ರಾತ್ರಿ, ಸೋವಿಯತ್ ಹಡಗು ಹತ್ತಿ ಮಾಯವಾದ. 1988ರಲ್ಲಿ ಮಾಸ್ಕೋದಲ್ಲೇ ಸತ್ತ.

ಪತ್ರಕರ್ತರಾಗಿ ಇಲ್ಲಿ ನಮಗೆ ಒಂದು ಮಾತು ಹೇಳಲೇಬೇಕು. ಗೂಢಚಾರನೊಬ್ಬ ವರದಿಗಾರನ ವೇಷ ಹಾಕಿದರೆ ಅದರ ಬೆಲೆ ತೆರುವುದು ನಿಜವಾದ ವರದಿಗಾರರು. ಹಳ್ಳಿಗೆ ಹೋಗಿ ಕೆರೆ ಒತ್ತುವರಿ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರೆ "ನೀವು ಯಾರ ಕಡೆಯವರು?" ಅಂತ ಕೇಳಿಸಿಕೊಂಡ ಅನುಭವ ನಮ್ಮಲ್ಲಿ ಎಲ್ಲರಿಗೂ ಇದೆ. ಯುದ್ಧ ನಡೆಯುವ ಕಡೆ ಆ ಅನುಮಾನ ಜೀವವನ್ನೇ ತೆಗೆಯುತ್ತದೆ.

ಟಿವಿಗೆ ಬಂದದ್ದು ಹೇಗೆ

ಫಿಲ್ಬಿಯ ಗಾಯದಿಂದಲೇ ಬ್ರಿಟನ್ನಿನ ಗೂಢಚಾರ ಸಾಹಿತ್ಯ ಬದಲಾಯಿತು. ಜಾನ್ ಲೆ ಕಾರೆ ಅನ್ನುವ ಹೆಸರಿನಲ್ಲಿ ಬರೆದ ಡೇವಿಡ್ ಕಾರ್ನ್‌ವೆಲ್ ಸ್ವತಃ ಎಂಐ5, ಎಂಐ6 ಎರಡರಲ್ಲೂ ಕೆಲಸ ಮಾಡಿದವರು. 1974ರಲ್ಲಿ ಬಂದ ಅವರ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ' ಕಾದಂಬರಿಯಲ್ಲಿ, ಕೆಲಸದಿಂದ ಹೊರಗೆ ಹಾಕಿಸಿಕೊಂಡ ಜಾರ್ಜ್ ಸ್ಮೈಲಿ ಅನ್ನುವ ಮುದುಕ ಸಂಸ್ಥೆಯೊಳಗಿನ ದ್ರೋಹಿಯನ್ನು ಹುಡುಕುತ್ತಾನೆ. 1979ರಲ್ಲಿ ಬಿಬಿಸಿ ಇದನ್ನು ಏಳು ಕಂತಿನ ಧಾರಾವಾಹಿ ಮಾಡಿತು. 2011ರ ಸಿನಿಮಾದಲ್ಲಿ ಸ್ಮೈಲಿಯ ಪಾತ್ರ ಮಾಡಿದ್ದು ಇದೇ ಗ್ಯಾರಿ ಓಲ್ಡ್‌ಮನ್. ಸ್ಮೈಲಿಯ ಇಸ್ತ್ರಿ ಕೋಟು ಕಳಚಿ ಕೊಳಕು ಕೋಟು ಹಾಕಿದರೆ ಲ್ಯಾಂಬ್ ಸಿಗುತ್ತಾನೆ. ಅವಮಾನಕ್ಕೆ ಒಳಗಾದವನೇ ಕೊನೆಗೆ ನಿಜ ಹುಡುಕುವುದು ಎರಡೂ ಕತೆಗಳಲ್ಲಿ ಇದೆ.

ಕುಡುಕನ ಕೈಗೆ ಕಡತ

ನಿಜ ಜೀವನದಲ್ಲಿ ಹಾಗೆ ಆಗುವುದು ಅಪರೂಪ. ಮೈಕಲ್ ಬೆಟನಿ ಎಂಐ5ಗೆ 1975ರಲ್ಲಿ ಸೇರಿದವನು. ಉತ್ತರ ಐರ್ಲೆಂಡ್‌ನ ಗಲಭೆಯ ದಿನಗಳಲ್ಲಿ ಅಲ್ಲಿ ಕೆಲಸ ಮಾಡಿದ. ಕುಡಿತ ಹೆಚ್ಚಾಯಿತು. 1982ರಲ್ಲಿ ರಸ್ತೆಯಲ್ಲಿ ಕುಡಿದು ಬಿದ್ದದ್ದಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾಯಿತು, ಟಿಕೆಟ್ ಇಲ್ಲದೆ ರೈಲಿನಲ್ಲಿ ಸಿಕ್ಕಿಬಿದ್ದ. ಸಂಸ್ಥೆ ಅವನಿಗೆ ಚಿಕಿತ್ಸೆ ಕೊಡಿಸಲಿಲ್ಲ, ಮನೆಗೂ ಕಳಿಸಲಿಲ್ಲ. ಅದೇ ವರ್ಷದ ಕೊನೆಗೆ ಸೋವಿಯತ್ ಗೂಢಚಾರರ ಮೇಲೆ ಕಣ್ಣಿಡುವ ಸೂಕ್ಷ್ಮ ವಿಭಾಗಕ್ಕೆ ಹಾಕಿತು.

1983ರಲ್ಲಿ ಅವನು ರಹಸ್ಯ ಕಾಗದಗಳನ್ನು ಲಂಡನ್ನಿನಲ್ಲಿದ್ದ ಸೋವಿಯತ್ ಕೆಜಿಬಿ ಮುಖ್ಯಸ್ಥ ಅರ್ಕಾಡಿ ಗೂಕ್‌ನ ಮನೆಯ ಟಪಾಲು ಕಿಂಡಿಯಲ್ಲಿ ತುರುಕಿ ಬಂದ. ಗೂಕ್ ಇದು ಬ್ರಿಟಿಷರ ಬಲೆ ಇರಬೇಕು ಅಂತ ಮುಟ್ಟಲೇ ಇಲ್ಲ. ಗೂಕ್‌ನ ಕಚೇರಿಯಲ್ಲೇ ಇದ್ದ ಒಲೆಗ್ ಗೋರ್ಡಿಯೆವ್‌ಸ್ಕಿ ಗುಟ್ಟಾಗಿ ಬ್ರಿಟಿಷರ ಪರ ಕೆಲಸ ಮಾಡುತ್ತಿದ್ದ. ಅವನಿಂದ ಸುದ್ದಿ ಹೊರಬಂತು. 1984ರ ಏಪ್ರಿಲ್‌ನಲ್ಲಿ ಬೆಟನಿಗೆ 23 ವರ್ಷ ಜೈಲಾಯಿತು. 1985ರ ತನಿಖಾ ವರದಿ ಎಂಐ5ನ ಆಡಳಿತವನ್ನೇ ತರಾಟೆಗೆ ತೆಗೆದುಕೊಂಡಿತು.

ಬೆಟನಿಯ ತಪ್ಪು ಬೆಟನಿಯದೇ. ಆದರೆ ಅವನು ಕುಸಿಯುತ್ತಿರುವುದನ್ನು ಜೊತೆಯವರು ನೋಡಿದ್ದರು, ಹೇಳಲು ಜಾಗ ಇರಲಿಲ್ಲ.

ಪಿಂಚಣಿಯ ಸಿಟ್ಟು

ಇನ್ನೊಬ್ಬರು ಪೀಟರ್ ರೈಟ್. ಎಂಐ5ನಲ್ಲಿ 1955ರಿಂದ 1976ರವರೆಗೆ ಕೆಲಸ ಮಾಡಿದವರು. ತಮ್ಮ ಸಂಸ್ಥೆಯ ಮುಖ್ಯಸ್ಥ ರೋಜರ್ ಹಾಲಿಸ್ ಅವರೇ ಸೋವಿಯತ್ ಗೂಢಚಾರ ಅಂತ ನಂಬಿ ವರ್ಷಗಟ್ಟಲೆ ಹುಡುಕಿದರು, ಸಾಬೀತಾಗಲಿಲ್ಲ. ಫಿಲ್ಬಿಯ ನಂತರ ಯಾರನ್ನೂ ನಂಬದ ಸ್ಥಿತಿಗೆ ಸಂಸ್ಥೆ ಬಂದಿತ್ತು. ನಿವೃತ್ತಿ ಆದಾಗ ಹಿಂದಿನ ಸೇವೆಯನ್ನು ಪಿಂಚಣಿಗೆ ಸೇರಿಸಲಿಲ್ಲ ಅನ್ನುವ ಸಿಟ್ಟಿನಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಹೋದರು. ಅಲ್ಲಿ ಕುದುರೆ ಸಾಕಿದರು, ಜೊತೆಗೆ 'ಸ್ಪೈಕ್ಯಾಚರ್' ಅನ್ನುವ ಪುಸ್ತಕ ಬರೆದರು.

ಅದನ್ನು ತಡೆಯಲು ಬ್ರಿಟಿಷ್ ಸರ್ಕಾರ ಆಸ್ಟ್ರೇಲಿಯಾದ ಕೋರ್ಟಿಗೆ ಹೋಗಿ ಸೋತಿತು. ರೈಟ್ ಪರ ವಾದಿಸಿದ ಯುವ ವಕೀಲ ಮಾಲ್ಕಮ್ ಟರ್ನ್‌ಬುಲ್ ಮುಂದೆ ಆಸ್ಟ್ರೇಲಿಯಾದ ಪ್ರಧಾನಿಯೇ ಆದರು. ತಡೆಯಲು ಹೋಗಿದ್ದರಿಂದಲೇ ಪುಸ್ತಕಕ್ಕೆ ಪ್ರಚಾರ ಸಿಕ್ಕಿ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾದವು.

ಕಾನೂನು ಬಂದದ್ದು ಎಂಬತ್ತು ವರ್ಷದ ಮೇಲೆ

ಎಂಐ5 ಹುಟ್ಟಿದ್ದು 1909ರಲ್ಲಿ. ಅದಕ್ಕೊಂದು ಕಾನೂನು ಬಂದದ್ದು 1989ರಲ್ಲಿ. ಎಂಐ6ಗೆ 1994ರಲ್ಲಿ. ಅದೇ 1994ರ ಕಾಯ್ದೆ ಗುಪ್ತಚರ ಸಂಸ್ಥೆಗಳನ್ನು ಪ್ರಶ್ನಿಸಲು ಸಂಸದರ ಸಮಿತಿಯೊಂದನ್ನು ಮಾಡಿತು. ಅದಕ್ಕೂ ಮೊದಲು, 1987ರಲ್ಲಿ, ಗುಪ್ತಚರ ನೌಕರರು ತಮ್ಮ ಅಳಲು, ಆತ್ಮಸಾಕ್ಷಿಯ ಪ್ರಶ್ನೆ ಹೇಳಿಕೊಳ್ಳಲು ಸಂಸ್ಥೆಯ ಹೊರಗಿನ ಒಬ್ಬ ಸಲಹೆಗಾರರನ್ನು ನೇಮಿಸಲಾಯಿತು. ಬೆಟನಿ ಜೈಲು ಸೇರಿ, ರೈಟ್ ಪುಸ್ತಕ ಬರೆದ ಮೇಲೆ ಬಂದ ಬದಲಾವಣೆಗಳು ಇವು.

ನಮ್ಮ ದೇಶದ ಐಬಿಯ ಬೇರು 1887ರ ಬ್ರಿಟಿಷ್ ಆಡಳಿತದಲ್ಲಿದೆ. ರಾ ಶುರುವಾದದ್ದು 1968ರಲ್ಲಿ. ಎರಡಕ್ಕೂ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ಇಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಖಾಸಗಿ ಮಸೂದೆ ತಂದರು, ಅದು ಕಾನೂನಾಗಲಿಲ್ಲ. ಆರ್‌ಟಿಐ ಕಾಯ್ದೆಯ 24ನೇ ಕಲಂ ಈ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪದ ಮಾಹಿತಿಗೆ ಮಾತ್ರ ಆ ವಿನಾಯಿತಿ ಇಲ್ಲ. ಅರ್ಜಿ ಹಾಕುವ ನಮ್ಮ ಓದುಗರು ಇದನ್ನು ನೆನಪಿಡುವುದು ಒಳ್ಳೆಯದು.

ಗುಟ್ಟು ಬೇಡ ಅಂತ ನಾವು ಹೇಳುತ್ತಿಲ್ಲ. ದೇಶಕ್ಕೆ ಗುಟ್ಟು ಬೇಕಾಗುತ್ತದೆ. ಆದರೆ ಆ ಗುಟ್ಟಿನ ಮರೆಯಲ್ಲಿ ಫಿಲ್ಬಿಯಂಥವನಿಗೆ ರಕ್ಷಣೆ ಸಿಕ್ಕಿತು, ಬೆಟನಿಯಂಥವನ ಕಾಯಿಲೆ ಯಾರ ಕಿವಿಗೂ ಬೀಳಲಿಲ್ಲ. ರೈಲಿನಲ್ಲಿ ಕಡತ ಮರೆತವನು ದಂಡ ಕಟ್ಟಿದ. ಒಳ್ಳೆಯ ಮನೆತನದ ದ್ರೋಹಿಗೆ ಪರಿಹಾರದ ಹಣ, ಮಂತ್ರಿಯ ಸರ್ಟಿಫಿಕೇಟು, ಮೇಲೆ ಹೊಸ ಕೆಲಸ.

'ಸ್ಲೋ ಹಾರ್ಸಸ್' ನೋಡುವಾಗ ಲ್ಯಾಂಬ್‌ನ ಬೈಗುಳಕ್ಕೆ ನಗು ಬರುತ್ತದೆ. ನಗುತ್ತಲೇ ಒಂದು ವಿಷಯ ಗಮನಿಸಿ. ಸ್ಲೌ ಹೌಸ್‌ನಲ್ಲಿ ಕೂತವರೆಲ್ಲ ಕೆಳಗಿನ ನೌಕರರು. ಅವರ ತಪ್ಪಿಗಿಂತ ದೊಡ್ಡ ತಪ್ಪು ಮಾಡಿದವರು ಮುಖ್ಯ ಕಚೇರಿಯಲ್ಲೇ ಕೂತಿರುತ್ತಾರೆ. ಧಾರಾವಾಹಿಯಲ್ಲಿ ಇದು ನಮಗೆ ಅತ್ಯಂತ ನಿಜ ಅನ್ನಿಸಿದ ಭಾಗ.