ಪಲಾಶಿಕೆ ಬರೀ 'ಎರಡನೇ ರಾಜಧಾನಿ'ಯೇ? ಹಲಸಿ ತಾಮ್ರಪಟಗಳನ್ನು ಓದುತ್ತಾ

ಕದಂಬರ ರಾಜಧಾನಿ ಯಾವುದು ಅಂದ್ರೆ ಎಲ್ಲರೂ ಹೇಳೋದು ಬನವಾಸಿ. ಮುಂಡಗೋಡದವರಿಗೆ ಅದು ದಕ್ಷಿಣಕ್ಕಿರುವ ಹತ್ತಿರದ ಊರೇ. ಆದರೆ ಹಳಿಯಾಳ, ದಾಂಡೇಲಿ, ಜೋಯಿಡಾ ಸೀಮೆಗೆ ಹತ್ತಿರದ ಕದಂಬ ರಾಜಧಾನಿ ಹಲಸಿ. ಈಗ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ, ನಂದಗಡದ ಸಮೀಪ ಇರುವ ಈ ಊರಿಗೆ ಶಾಸನಗಳಲ್ಲಿ ಪಲಾಶಿಕಾ ಎಂಬ ಹೆಸರಿದೆ. ಪಠ್ಯಪುಸ್ತಕಗಳು ಇದನ್ನು 'ಎರಡನೇ ರಾಜಧಾನಿ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ಆ ಮಾತು ಎಷ್ಟು ಸರಿ ಅನ್ನೋದನ್ನು ತಾಮ್ರಪಟಗಳನ್ನೇ ಕೇಳೋಣ.

ಹಲಸಿಯಲ್ಲಿ ದೊರೆತ ಕದಂಬ ತಾಮ್ರಪಟಗಳನ್ನು ಜೆ. ಎಫ್. ಫ್ಲೀಟ್ ಅವರು 1877ರಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯ 6ನೇ ಸಂಪುಟದಲ್ಲಿ ಪ್ರಕಟಿಸಿದರು. ಭಾಷೆ ಸಂಸ್ಕೃತ. ಹೆಚ್ಚಿನವು ಜೈನ ಬಸದಿಗಳಿಗೆ, ಮುನಿಸಂಘಗಳಿಗೆ ಕೊಟ್ಟ ದಾನಗಳು. ಇವುಗಳಲ್ಲಿ ನಾನು ಮೊದಲು ನೋಡೋದು ದಾನದ ವಿವರವನ್ನಲ್ಲ. ರಾಜ ಆಗ ಎಲ್ಲಿದ್ದ ಅನ್ನೋದನ್ನು.

ಮೃಗೇಶವರ್ಮನ 8ನೇ ಆಳ್ವಿಕೆಯ ವರ್ಷದ ಪಟ ತೆಗೆದುಕೊಳ್ಳಿ. ಅವನು ಇರೋದು ವೈಜಯಂತಿಯಲ್ಲಿ, ಅಂದರೆ ಬನವಾಸಿಯಲ್ಲಿ. ತಂದೆ ಶಾಂತಿವರ್ಮನ ಮೇಲಿನ ಭಕ್ತಿಯಿಂದ ಜಿನಾಲಯ ಕಟ್ಟಿಸಿದ್ದು ಮಾತ್ರ ಪಲಾಶಿಕೆಯಲ್ಲಿ. ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗಾಗಿ 33 ನಿವರ್ತನ ಭೂಮಿಯನ್ನೂ ಕೊಟ್ಟ. ರಾಜ ದೂರದಲ್ಲಿದ್ದರೂ ಅಪ್ಪನ ಹೆಸರಿನ ಗುರುತು ಈ ಊರಿನಲ್ಲಿ ನಿಲ್ಲಲಿ ಅಂತ ಬಯಸಿದ್ದಾನೆ ಅಂದ್ರೆ ಇದು ಸಾಮಾನ್ಯ ಊರಲ್ಲ.

ಮುಂದಿನದು ಅವನ ಮಗ ರವಿವರ್ಮನ ಪಟ. ಇಲ್ಲಿ ದನಿಯೇ ಬೇರೆ. ವಿಷ್ಣುವರ್ಮ ಮೊದಲಾದ ರಾಜರನ್ನು ಕೊಂದು, ಕಂಚಿಯ ಒಡೆಯ ಚಂಡದಂಡನನ್ನು ಕಿತ್ತೊಗೆದು, ಪಲಾಶಿಕೆಯಲ್ಲಿ ನೆಲೆನಿಂತನಂತೆ. ಈ ವಿಷ್ಣುವರ್ಮ ಹೊರಗಿನವನಲ್ಲ, ಕದಂಬರದೇ ಇನ್ನೊಂದು ಕವಲಿನವನು. ಮನೆಯೊಳಗಿನ ಜಗಳ ಕತ್ತಿಯವರೆಗೆ ಹೋಗಿ, ಗೆದ್ದವನು ಬಂದು ಕೂತ ಜಾಗ ಇದು. ವಿಶ್ರಾಂತಿಗೆಂದು ಇಟ್ಟುಕೊಂಡ ಉಪರಾಜಧಾನಿಯ ಬಗ್ಗೆ ಯಾರೂ ಹೀಗೆ ಬರೆಸೋದಿಲ್ಲ. ರಾಜ್ಯದ ಉತ್ತರ ಭಾಗ ಕೈಯಲ್ಲಿರಬೇಕಾದರೆ ಪಲಾಶಿಕೆ ಕೈಯಲ್ಲಿರಬೇಕಿತ್ತು ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಮೂರನೆಯದು ಹರಿವರ್ಮನ ಎರಡು ಪಟಗಳು. 4ನೇ ವರ್ಷದ ಪಟದಲ್ಲಿ ಅವನು ಉಚ್ಚಶೃಂಗಿಯಲ್ಲಿದ್ದಾನೆ. ದಾನ ಹೋದದ್ದು ಪಲಾಶಿಕೆಯ ಜಿನಾಲಯಕ್ಕೆ. 5ನೇ ವರ್ಷದ ಪಟದಲ್ಲಿ ಪಲಾಶಿಕೆಯನ್ನೇ 'ಅಧಿಷ್ಠಾನ' ಎಂದು ಕರೆದಿದೆ. ಸೇಂದ್ರಕ ಕುಲದ ಭಾನುಶಕ್ತಿಯ ಕೋರಿಕೆಯ ಮೇಲೆ ಅಲ್ಲಿಂದ ದಾನ ಹೊರಟಿದೆ. ಅಧಿಷ್ಠಾನ ಅಂದ್ರೆ ರಾಜ ಕೂತು ಆಳುವ ಸ್ಥಾನ. ಆ ಪದದ ಹಿಂದೆ 'ಎರಡನೇ' ಎಂಬ ವಿಶೇಷಣ ಇಲ್ಲ. ಅದನ್ನು ಸೇರಿಸಿದವರು ನಾವು.

ಹಾಗಾದರೆ ಆ ಅರಮನೆ ಎಲ್ಲಿ? ಅಂತ ಹಲಸಿಗೆ ಹೋದವರು ಕೇಳ್ತಾರೆ. ಕಣ್ಣಿಗೆ ಬೀಳೋದು ದೇವಾಲಯಗಳು. ಭೂವರಾಹ ನರಸಿಂಹ ದೇವಾಲಯದ ಶಾಸನವು ಬನವಾಸಿ ಕದಂಬರ ನಂತರ ಬಹುಕಾಲಕ್ಕೆ ಬಂದ ಗೋವಾ ಕದಂಬರದು. ಶಿವಚಿತ್ತ ಪೆರ್ಮಾಡಿಯ ಕಾಲದ್ದು. ಕಲಿಯುಗದ 4270ನೇ ವರ್ಷ, ಅಂದರೆ ಕ್ರಿ.ಶ. 1169. ಆ ಹೊತ್ತಿಗೆ ಪಲಾಶಿಕೆ ಹಲಸಿಗೆ-12000 ಎಂಬ ನಾಡಿಗೆ ಹೆಸರು ಕೊಟ್ಟ ಊರಾಗಿತ್ತು. ರಾಜರು ಕೂತ ಕಟ್ಟಡ ಹೋಯಿತು, ಅವರು ಕೊಟ್ಟ ದಾನದ ಲೆಕ್ಕ ಉಳಿಯಿತು.

ರಾಜಧಾನಿ ಬದಲಾಗೋದು ಈ ಸೀಮೆಗೆ ಹೊಸದೇನಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ನೂರು ವರ್ಷ ತುಂಬುವ ಮೊದಲೇ ಹಳಿಯಾಳದ ರೈತನ ಅರ್ಜಿಗೆ ಮೂರು ರಾಜಧಾನಿಗಳಾದವು. ಇನ್ನು ಸೂಪಾ ಊರಂತೂ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು.

ಬೆಂಗಳೂರಿನ ವಿಧಾನಸೌಧಕ್ಕೆ 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದರು. ಕೆಂಗಲ್ ಹನುಮಂತಯ್ಯನವರ ಕನಸಿನ ಆ ಕಟ್ಟಡ 1956ರಲ್ಲಿ ಮುಗಿಯಿತು. ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ದಕ್ಷಿಣದಲ್ಲೊಂದು, ಉತ್ತರದಲ್ಲೊಂದು ಪೀಠ. ಉತ್ತರದ್ದು ಹಲಸಿ ಇರುವ ಜಿಲ್ಲೆಯಲ್ಲೇ ಬಂದಿರೋದು ಕಾಕತಾಳೀಯವೇ ಇರಬಹುದು, ಆದರೆ ಸಮಸ್ಯೆ ಹಳೆಯದೇ: ಒಂದೇ ತುದಿಯಲ್ಲಿ ಕೂತು ಇಡೀ ನಾಡನ್ನು ಆಳೋದು ಕಷ್ಟ.

ಒಂದು ವ್ಯತ್ಯಾಸ ಮರೆಯಬಾರದು. ಹರಿವರ್ಮ ಪಲಾಶಿಕೆಯಲ್ಲಿ ಕೂತಾಗ ಆಜ್ಞೆಯೂ ಅಲ್ಲಿಂದಲೇ ಹೊರಟಿತು, ಪಟದಲ್ಲಿ ಆ ಊರಿನ ಹೆಸರೇ ಕೊರೆಯಲ್ಪಟ್ಟಿತು. ಒಂದು ಊರು ರಾಜಧಾನಿ ಹೌದೋ ಅಲ್ಲವೋ ಅಂತ ಅಳೆಯೋಕೆ ನನಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಕಾಣೋದಿಲ್ಲ: ಅಲ್ಲಿ ಎಂಥ ಕಟ್ಟಡ ಇದೆ ಅಂತ ಅಲ್ಲ, ಅಲ್ಲಿಂದ ಯಾವ ಆದೇಶ ಹೊರಟಿತು ಅಂತ ನೋಡಬೇಕು. ಆ ಲೆಕ್ಕದಲ್ಲಿ ಪಲಾಶಿಕೆ ಹರಿವರ್ಮನ 5ನೇ ವರ್ಷದಲ್ಲಿ ರಾಜಧಾನಿಯೇ. ಹಲಸಿಯ ಬಗ್ಗೆ ಬರೆಯುವಾಗ 'ಎರಡನೇ' ಎಂಬ ಪದವನ್ನು ಸ್ವಲ್ಪ ಯೋಚಿಸಿ ಬಳಸಿ.