ಮೂರು ನೀರಿನ ಸೊಪ್ಪು

ಸೊಪ್ಪು ಬೇಯಿಸಿದ ನೀರನ್ನು ಚೆಲ್ಲುವುದು ನಮ್ಮ ಅಡುಗೆಮನೆ ಒಪ್ಪುವ ಕೆಲಸವಲ್ಲ. ಹಳೆಯ ಮೈಸೂರಿನ ಕಡೆ ಬಸಿದ ನೀರೇ ಬಸ್ಸಾರು. ಉಳಿದ ಸೊಪ್ಪು ಪಲ್ಯ. ಆದರೆ ಅಮೆರಿಕದ ಕೆಲವು ಆಸ್ಪತ್ರೆಗಳಲ್ಲಿ ಆ ನೀರನ್ನು ಒಂದಲ್ಲ, ಮೂರು ಸಲ ಚೆಲ್ಲಿ, ಅನಂತರ ಸೊಪ್ಪನ್ನು ರೋಗಿಗೆ ಬಡಿಸುತ್ತಿದ್ದ ಕಾಲವೊಂದಿತ್ತು. ಹೂಕೋಸನ್ನು ತುರಿದು ಅನ್ನದ ಬದಲಿಗೂ, ಬೇಯಿಸಿ ಕಿವುಚಿ ಆಲೂಗಡ್ಡೆಯ ಬದಲಿಗೂ ಉಣ್ಣುವ ಪದ್ಧತಿ ಈಗ ನಮ್ಮ ಪಟ್ಟಣಗಳಿಗೂ ಬಂದಿದೆ. ಅದನ್ನು ಕಂಡಾಗಲೆಲ್ಲ ನನಗೆ ಆ ಮೂರು ನೀರಿನ ಸೊಪ್ಪಿನ ಕಥೆ ನೆನಪಾಗುತ್ತದೆ.

ಸಿಹಿಮೂತ್ರ ರೋಗಕ್ಕೆ ಆಗ ಮದ್ದಿರಲಿಲ್ಲ. 1870–71ರಲ್ಲಿ ಶತ್ರುಸೈನ್ಯ ಪ್ಯಾರಿಸ್ ನಗರವನ್ನು ಮುತ್ತಿ, ಊರಿಗೆ ಊರೇ ಅರೆಹೊಟ್ಟೆಯಲ್ಲಿದ್ದಾಗ, ತಮ್ಮ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದುದನ್ನು ವೈದ್ಯ ಬುಶಾರ್ದಾ ಗಮನಿಸಿದರು. ಮಿತಾಹಾರವೇ ಚಿಕಿತ್ಸೆಯೆಂಬ ನಂಬಿಕೆ ಇದರಿಂದ ಬಲವಾಯಿತು.

ಆ ನಂಬಿಕೆಯನ್ನು ಅದರ ಕೊನೆಯ ಅಂಚಿಗೆ ಒಯ್ದವರು ನ್ಯೂಯಾರ್ಕಿನ ಫ್ರೆಡರಿಕ್ ಅಲೆನ್ ಮತ್ತು ಬಾಸ್ಟನ್ನಿನ ಎಲಿಯಟ್ ಜೋಸ್ಲಿನ್. ಜೋಸ್ಲಿನ್ ತರಕಾರಿಗಳನ್ನು ಶೇಕಡಾ 5, 10, 15, 20 ಎಂದು ಪಿಷ್ಟ, ಸಕ್ಕರೆಗಳ ಲೆಕ್ಕದಲ್ಲಿ ವಿಂಗಡಿಸಿದರು. ಎಲೆಕೋಸು, ಹೂಕೋಸು, ಪಾಲಕ್ ಮೊದಲ ಸಾಲಿನವು; ಆಲೂಗಡ್ಡೆ ಕೊನೆಯದು. ರೋಗ ಬಲಿತವರಿಗೆ ಆ ಐದು ಕೂಡ ಹೆಚ್ಚೇ. ಆದುದರಿಂದ ಹೆಚ್ಚಿದ ತರಕಾರಿಯನ್ನು ಮೂರು ಬಾರಿ ಹೊಸ ನೀರಿನಲ್ಲಿ ಬೇಯಿಸಿ, ಪ್ರತಿ ಬಾರಿಯೂ ನೀರನ್ನು ಚೆಲ್ಲುತ್ತಿದ್ದರು. ಸಕ್ಕರೆಯೊಡನೆ ರುಚಿಯೂ ಸಾರವೂ ಹೋಗುತ್ತಿದ್ದವು, ಉಳಿಯುತ್ತಿದ್ದುದು ನಾರು. ಹೊಟ್ಟೆ ತುಂಬುತ್ತಿತ್ತು, ಹಸಿವು ಹಿಂಗುತ್ತಿರಲಿಲ್ಲ.

ಆ ಹಸಿವು ಎಂಥದೆಂಬುದನ್ನು ಅಲೆನ್ 1919ರಲ್ಲಿ ಪ್ರಕಟಿಸಿದ ಗ್ರಂಥವೇ ಹೇಳುತ್ತದೆ. ಹನ್ನೆರಡು ವರ್ಷದ ಒಬ್ಬ ಕುರುಡ ಹುಡುಗನ ಮೂತ್ರದಲ್ಲಿ, ಎಷ್ಟು ಪಥ್ಯ ಮಾಡಿಸಿದರೂ ಸಕ್ಕರೆ ಕಾಣುತ್ತಲೇ ಇತ್ತು. ಕೊನೆಗೆ ತಿಳಿದುದೇನೆಂದರೆ, ಅವನು ಹಲ್ಲುಜ್ಜುವ ಪೇಸ್ಟನ್ನೂ, ತಾನೇ ಕೇಳಿ ತರಿಸಿಕೊಂಡಿದ್ದ ಕ್ಯಾನರಿ ಹಕ್ಕಿಯ ಪಂಜರದ ಕಾಳನ್ನೂ ಕದ್ದು ತಿನ್ನುತ್ತಿದ್ದನು. ಹುಡುಗ ಉಳಿಯಲಿಲ್ಲ. ಅವನನ್ನು ಕಳ್ಳನೆನ್ನಲು ನನಗಂತೂ ನಾಲಿಗೆ ಏಳದು.

ಹಾಗೆಂದು ಅಲೆನ್ನರನ್ನು ನಿರ್ದಯಿ ಎಂದರೆ ಅನ್ಯಾಯವಾದೀತು. ಅಮೆರಿಕದ ರಾಜಕಾರಣಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್ 1919ರಲ್ಲಿ ಅವರ ಪಥ್ಯಕ್ಕೆ ಸೇರಿದಳು. 1922ರ ಆಗಸ್ಟಿನಲ್ಲಿ, ಹದಿನೈದು ತುಂಬುವ ಹೊತ್ತಿಗೆ, ಅವಳ ತೂಕ ಸುಮಾರು 45 ಪೌಂಡು. ಆದರೆ ಜೀವವಿತ್ತು. ಅದೇ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿಗೆ ರೋಗಿಗೆ ಇನ್ಸುಲಿನ್ ಚುಚ್ಚಲಾಗಿತ್ತು. ಫ್ರೆಡರಿಕ್ ಬ್ಯಾಂಟಿಂಗ್ ಅವಳಿಗೂ ಅದನ್ನು ಕೊಟ್ಟರು. ಬ್ರೆಡ್ಡು ಅವಳ ತಟ್ಟೆಗೆ ಮರಳಿತು. ಅವಳು 1981ರ ವರೆಗೆ ಬದುಕಿದಳು.

ಸೊಪ್ಪು ರೋಗವನ್ನು ಗೆಲ್ಲಲಿಲ್ಲ. ಮದ್ದು ಬರುವ ತನಕ ಬಾಗಿಲು ಕಾದಿತು. ಕಾವಲು ಮುಗಿಯುವ ಮೊದಲೇ ಎಷ್ಟೋ ಮಕ್ಕಳು ಹೋದರು. ಇಂದು ಅನ್ನ ಕಡಿಮೆ ಮಾಡಿ ಕೋಸು ಉಣ್ಣುವವರು ಉಣ್ಣಲಿ. ಸಕ್ಕರೆಯನ್ನು ಹದದಲ್ಲಿಡಲು ಅದು ನೆರವಾದೀತು. ಒಗ್ಗರಣೆಗೂ ಅಡ್ಡಿಯಿಲ್ಲ. ಆದರೆ ಇನ್ಸುಲಿನ್ ಬೇಕಾದವರು ಸೊಪ್ಪನ್ನು ನಂಬಿ ಸೂಜಿಯನ್ನು ಬಿಡಬಾರದು. ಸೊಪ್ಪು ಅನ್ನದ ಬದಲಿಗೆ ಬಂದೀತು, ಇನ್ಸುಲಿನ್ನಿನ ಬದಲಿಗೆ ಬಾರದು. ಆ ಪರೀಕ್ಷೆಯನ್ನು ಹಕ್ಕಿಯ ಕಾಳು ತಿಂದ ಹುಡುಗ ನಮ್ಮೆಲ್ಲರ ಪರವಾಗಿ ಆಗಲೇ ಮಾಡಿ ಮುಗಿಸಿದ್ದಾನೆ.