ಅಳಿವೆಯಿಂದ ಘಟ್ಟದ ಬುಡಕ್ಕೆ

ಬೀದರಿನ ಬಳಿಯ ಕಮಠಾಣದಂತಹ ಊರಿನಲ್ಲಿ ನಿಂತು ಕಡಲಿನ ಮಾತೆತ್ತಿದರೆ ಅದು ಅಪ್ರಸ್ತುತವೆಂದು ತೋರಬಹುದು. ಅದು ಜಂಬಿಟ್ಟಿಗೆಯ ಪ್ರಸ್ಥಭೂಮಿ. ಆ ಸೀಮೆಯ ಹೊಳೆಯಾದ ಮಾಂಜರಾ ಸಹ ಪಡುವಣ ಕಡಲಿಗೆ ಬೆನ್ನು ಮಾಡಿ ಗೋದಾವರಿಯನ್ನು ಸೇರುತ್ತದೆ. ಆದರೂ ಕಡಲನ್ನು ಬಿಟ್ಟು ಬೀದರಿನ ಚರಿತ್ರೆಯನ್ನು ಹೇಳುವುದು ಸಾಧ್ಯವಿಲ್ಲ. ಬಹಮನಿ ರಾಜ್ಯದ ಮಂತ್ರಿಯಾದ ಮಹಮೂದ್ ಗವಾನನು ಗೀಲಾನದಿಂದ ಬಂದಿಳಿದುದು ದಾಭೋಳ ಬಂದರಿನಲ್ಲಿ. ರಷ್ಯದ ವರ್ತಕ ಅಫನಾಸಿ ನಿಕಿತಿನನು ಹಡಗಿನಲ್ಲಿ ಕುದುರೆಯೊಂದನ್ನು ತಂದು ಚೌಲದಲ್ಲಿಳಿದು, ಅಲ್ಲಿಂದ ಬೀದರಿಗೆ ಬಂದನು. ಗವಾನನು 1472ರಲ್ಲಿ ವಿಜಯನಗರದ ಕೈಯಿಂದ ಗೋವೆಯನ್ನು ಕಿತ್ತುಕೊಂಡನಷ್ಟೆ. ಕುದುರೆಯ ವ್ಯಾಪಾರಕ್ಕೆ ಬಂದರು ಎಷ್ಟು ಅವಶ್ಯಕವೆಂಬುದನ್ನು ಅವನು ಬಲ್ಲವನಾಗಿದ್ದನು.

ಬಂದರಿಗೂ ಘಟ್ಟಕ್ಕೂ ನಡುವೆ ಇದ್ದ ಹಾದಿ ಯಾವುದು? ಗಾಡಿಯ ರಸ್ತೆಗಳು ವಿರಳವಾಗಿದ್ದ ಕಾಲದಲ್ಲಿ ಕರಾವಳಿಯ ಹೊಳೆಗಳೇ ರಾಜಮಾರ್ಗಗಳಾಗಿದ್ದವು. ಇದಕ್ಕೆ ಶರಾವತಿಯು ಉತ್ತಮ ನಿದರ್ಶನ. ಹೊನ್ನಾವರದ ಅಳಿವೆಯಿಂದ ಗೇರುಸೊಪ್ಪೆಗೆ ಸುಮಾರು 18 ಮೈಲಿ. ಕಮಠಾಣದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಂಡ ಯಾತ್ರಿಕರು ಗೇರುಸೊಪ್ಪೆಯಲ್ಲಿ ಚತುರ್ಮುಖ ಬಸದಿಯನ್ನು ಕಾಣಬಹುದು. ಕಾಡಿನ ನಡುವೆ ಅಂತಹ ಶಿಲಾಮಂದಿರವು ಏಳುವಷ್ಟು ಐಶ್ವರ್ಯವು ಅಲ್ಲಿಗೆ ಹರಿದುಬಂದುದು ಈ ನೀರಿನ ಹಾದಿಯಿಂದಲೇ. ಘಟ್ಟದ ಮೆಣಸು ದೋಣಿಯಲ್ಲಿ ಇಳಿದು ಕಡಲಿಗೆ ಹೋಗುತ್ತಿತ್ತು. 16ನೆಯ ಶತಮಾನದಲ್ಲಿ ಅಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು.

1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲ ವಾಲ್ಲೆಯು ಗೋವೆಯ ರಾಯಭಾರಿಯೊಡನೆ ಇಕ್ಕೇರಿಗೆ ಹೋದುದು ಇದೇ ಜಲಮಾರ್ಗವಾಗಿ. ಹೊಳೆಯ ಸೌಂದರ್ಯವನ್ನು ಅವನು ಮನಸಾರೆ ಹೊಗಳಿದನು. ಆದರೆ ಗೇರುಸೊಪ್ಪೆಯನ್ನು ತಲುಪಿದಾಗ ಅವನು ಕಂಡುದು ಪಾಳುಬಿದ್ದು ಕಾಡು ಬೆಳೆದ ನಗರವನ್ನು. ಚೆನ್ನಭೈರಾದೇವಿಯ ರಾಜ್ಯವು ಅಷ್ಟರಲ್ಲೇ ಕೆಳದಿಯ ನಾಯಕರ ಪಾಲಾಗಿತ್ತು.

ಅಂದಿನ ಪಯಣಕ್ಕೆ ಗಡಿಯಾರವೆಂದರೆ ಕಡಲಿನ ಉಬ್ಬರವಿಳಿತ. ಉಬ್ಬರದ ನೀರು ಹೊಳೆಯೊಳಗೆ ನುಗ್ಗುವಾಗ ಅದರೊಡನೆ ಮೇಲಕ್ಕೆ ಸಾಗಬೇಕು. ಇಳಿತದೊಡನೆ ಕೆಳಕ್ಕೆ ಬರಬೇಕು. ಹೊತ್ತು ತಪ್ಪಿದರೆ ಹುಟ್ಟು ಹಾಕುವವರ ತೋಳು ಸೋಲಬೇಕು, ಇಲ್ಲವೇ ದಡದಲ್ಲಿ ಕಾಯಬೇಕು. 1886ರಲ್ಲಿ ಜರ್ಮನಿಯ ಗಾಟ್ಲೀಬ್ ಡೈಮ್ಲರನು ನೆಕ್ಕಾರ್ ನದಿಯಲ್ಲಿ ಮೋಟಾರು ದೋಣಿಯನ್ನು ಓಡಿಸಿದನು. ಮುಂದೆ 20ನೆಯ ಶತಮಾನದಲ್ಲಿ ನಮ್ಮ ಅಳಿವೆಗಳಿಗೂ ಯಂತ್ರದ ಲಾಂಚುಗಳು ಬಂದವು. ನೀರಿನ ಸೆಳೆತಕ್ಕೆ ಎದುರಾಗಿ, ತನಗೆ ಬೇಕಾದ ಹೊತ್ತಿನಲ್ಲಿ ಸಾಗುವ ಸ್ವಾತಂತ್ರ್ಯವು ಮನುಷ್ಯನಿಗೆ ಆಗ ದೊರೆಯಿತು.

ಆದರೆ ಈ ಸ್ವಾತಂತ್ರ್ಯಕ್ಕೂ ಒಂದು ಮಿತಿಯುಂಟು. ಚಪ್ಪಟೆ ತಳದ ದೋಣಿಯು ಮೊಣಕಾಲುದ್ದದ ನೀರಿನಲ್ಲಿಯೂ ತೇಲೀತು. ಯಂತ್ರದ ಚಕ್ರಕ್ಕಾದರೋ ತಳದ ಕೆಳಗೂ ನೀರು ಬೇಕು. ಅಳಿವೆಯ ಬಾಯಿಯಲ್ಲಿ ಮರಳದಿಣ್ಣೆ ಇದ್ದಲ್ಲಿ ಇರುವುದಿಲ್ಲ; ಪ್ರತಿ ಮಳೆಗಾಲದಲ್ಲಿಯೂ ಅದು ಸ್ಥಳ ಬದಲಿಸುತ್ತದೆ. ಮಾವಿನಕುರ್ವೆಯಂತಹ ನಡುಗಡ್ಡೆಗಳ ಪಕ್ಕದಲ್ಲಿ ಯಾವ ಕವಲು ಆಳವಾದುದು, ಯಾವುದು ಹೂಳಿನದು ಎಂಬುದನ್ನು ಬಲ್ಲವನು ಆ ನೀರಿನಲ್ಲಿಯೇ ಬೆಳೆದ ಅಂಬಿಗನು. ಸ್ವಂತ ಮೋಟಾರು ದೋಣಿಯಲ್ಲಿ ವಿಹಾರಕ್ಕೆ ಹೊರಟ ಶ್ರೀಮಂತನೂ ಅವನ ಕಣ್ಣನ್ನು ಎರವಲು ಪಡೆಯದೆ ಮುಂದೆ ಹೋಗಲಾರನು. ಯಂತ್ರವು ತೋಳಿನ ಶ್ರಮವನ್ನು ಕಳೆಯಿತು, ನೀರಿನ ವಿದ್ಯೆಯ ಅಗತ್ಯವನ್ನು ಕಳೆಯಲಿಲ್ಲ.

ಆ ವಿದ್ಯೆಗೆ ನಿಜವಾಗಿ ಕುಂದು ಬಂದುದು ಸೇತುವೆಗಳಿಂದ. ಹಿಂದೆ ಜನರು ಹೊಳೆಯ ಉದ್ದಕ್ಕೆ ಸಾಗುತ್ತಿದ್ದರು. ಈಗ ಹೊಳೆಗೆ ಅಡ್ಡಲಾಗಿ ದಾಟುತ್ತಾರೆ. 1998ರಿಂದ ಪೂರ್ಣವಾಗಿ ಸಂಚಾರಕ್ಕೆ ತೆರೆದ ಕೊಂಕಣ ರೈಲುಮಾರ್ಗದ ಅತ್ಯಂತ ಉದ್ದವಾದ ಸೇತುವೆಯು ಹೊನ್ನಾವರದ ಈ ಶರಾವತಿಯ ಮೇಲೆಯೇ ಇದೆ. ಅದರ ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ರೈಲಿನಲ್ಲಿ ಕುಳಿತವರಿಗೆ ಹೊಳೆಯು ಕೆಲವು ನಿಮಿಷಗಳ ನೋಟ ಮಾತ್ರ. ಇತ್ತ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಮೇಲಿನಿಂದ ಬರುವ ನೀರಿಗೆ ಮಳೆಯೊಂದೇ ಒಡೆಯನಾಗಿ ಉಳಿಯಲಿಲ್ಲ, ವಿದ್ಯುದಾಗಾರವೂ ಒಡೆಯನಾಯಿತು.

ಸೇತುವೆಯಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ರೋಗಿಯನ್ನು ಹೊತ್ತು ದಡದಲ್ಲಿ ಲಾಂಚಿಗಾಗಿ ಕಾಯುವ ಸಂಕಟವು ತಪ್ಪಿದುದು ಸಣ್ಣ ಸಂಗತಿಯಲ್ಲ. ಆದರೆ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆಯು 2024ರ ಆಗಸ್ಟಿನಲ್ಲಿ ಕುಸಿದುಬಿದ್ದುದನ್ನು ಕಂಡಮೇಲೆ, ಒಂದೇ ಹಾದಿಯನ್ನು ನೆಚ್ಚಿ ಇನ್ನೊಂದನ್ನು ಮರೆಯುವುದು ವಿವೇಕವಲ್ಲವೆಂಬುದು ಸ್ಪಷ್ಟವಾಗುತ್ತದೆ. 2016ರ ಶಾಸನವು ಶರಾವತಿ, ಕಾಳಿ, ನೇತ್ರಾವತಿಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಘೋಷಿಸಿದೆ. ಘೋಷಣೆಯು ಕಾಗದದ ಮೇಲಿನ ಮಾತು; ಮರಳದಿಣ್ಣೆಯ ಚಲನೆಯು ಕಾಗದದಲ್ಲಿ ಸಿಕ್ಕುವುದಲ್ಲ. ಅದನ್ನು ಬಲ್ಲ ಅಂಬಿಗರ ಮಕ್ಕಳು ಆ ಕಸುಬಿನಲ್ಲಿ ಅನ್ನವನ್ನು ಕಂಡರೆ ಮಾತ್ರ ಆ ವಿದ್ಯೆಯು ಉಳಿದೀತು. ಮೆಣಸಿನ ರಾಣಿಯ ನಗರವನ್ನು ಕಾಡು ನುಂಗಿತು. ಅವಳ ಹಾದಿಯಾದರೋ ಇನ್ನೂ ದಿನಕ್ಕೆರಡು ಬಾರಿ ಉಬ್ಬರದಲ್ಲಿ ತುಂಬುತ್ತಲೇ ಇದೆ.